ಸಿದ್ಲಿಂಗನ ಫಾರ್ಮುಲಾ ಕಾರು

ನಗುವವರು ಈಗಲೇ ನಕ್ಕು ಮುಗಿಸಿಕೊಳ್ಳಿ. ಆಮೇಲೆ ನಿಮ್ಮ ನಗು ಓಂಕಾರಮ್ಮನ ಕಿವಿಗೆ ಬಿದ್ದು, ಆಕೆ ಪೊರಕೆ ಹಿಡಿದು ಬಂದರೆ ನನ್ನನ್ನು ಕರೆಯಬೇಡಿ. ನಾನು ಬರುವುದಿಲ್ಲ.

ತಿಪಟೂರು ಕಡೆಯ ಒಂದು ಊರು. ಊರ ತುಂಬ ಕೊಬ್ಬರಿ. ಅಲ್ಲಿನ ಮಂಡಿಯಲ್ಲಿ ಕೊಬ್ಬರಿ ಆರಿಸುವುದು ಓಂಕಾರಮ್ಮನ ಕೆಲಸ. ಒಳ್ಳೆಯದು ಈ ಕಡೆ, ಕೆಟ್ಟದ್ದು ಆ ಕಡೆ. ಇಡೀ ಮಂಡಿಯಲ್ಲಿ ಆಕೆಯಷ್ಟು ಬೇಗ ಆರಿಸುವವರಿಲ್ಲ, ಆಕೆಯಷ್ಟು ಬೇಗ ಸಿಟ್ಟಾಗುವವರೂ ಇಲ್ಲ. ಅಂಥವಳಿಗೆ ಒಬ್ಬನೇ ಮಗ, ಸಿದ್ಲಿಂಗ. ಒಳ್ಳೆಯವನು, ಆದರೆ ಪೆದ್ದ. ಅರ್ಧಂಬರ್ಧ ಪೆದ್ದನಲ್ಲ, ಪೂರ್ತಿ ಪೆದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ.

ಇಂಥವನು ಇಂಜಿನಿಯರಿಂಗ್ ಕಾಲೇಜು ಹೇಗೆ ಸೇರಿದ ಅಂತೀರಾ? ಅದಕ್ಕೇ ನನಗೂ ಮೈಯೆಲ್ಲ ಉರಿಯುವುದು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದವನಿಗೆ ನಮ್ಮಲ್ಲಿ ಮಾರ್ಕ್ಸ್ ಸುರಿಯುತ್ತಾರೆ. ಸಿದ್ಲಿಂಗ ಪುಟದ ಕೆಳಗಿನ ಪುಟಸಂಖ್ಯೆಯನ್ನೂ ಬಿಡದೆ ಬರೆದು ಬಂದ. ಸುರಿದರು. ಸೇರಿಸಿಕೊಂಡರು.

ಕೊನೆಯ ವರ್ಷ ಬಂತು. ಐದು ಜನ ಸೇರಿ ಒಂದು ಕಾರು ಕಟ್ಟಬೇಕು ಅಂತ ಮೇಷ್ಟ್ರು ಹೇಳಿದರು. ಫಾರ್ಮುಲಾ ಕಾರು. ಅದಕ್ಕೆ ಚಾವಣಿಯಿಲ್ಲ, ಬಾಗಿಲಿಲ್ಲ, ನಾಲ್ಕು ಚಕ್ರವೂ ಮೈಯಿಂದ ಆಚೆ. ಓಡಿಸುವವರು ಅರ್ಧ ಮಲಗಿದ ಹಾಗೆ ಒಳಗೆ ತೂರಿ ಕೂರಬೇಕು. ಬೆನ್ನಿಗೇ ಬೈಕಿನ ಇಂಜಿನ್. ಆ ಕಾರನ್ನು ಆಟೋಕ್ರಾಸ್ ಪಂದ್ಯದಲ್ಲಿ ಓಡಿಸಿ, ಒಂದೇ ಒಂದು ಸಲವಾದರೂ ಕೊನೆಯ ಗೆರೆ ದಾಟಿಸಬೇಕು. ದಾಟಿದರೆ ಐದೂ ಜನ ಪಾಸು. ದಾಟದಿದ್ದರೆ ಐದೂ ಜನ ಫೇಲು.

ತಂಡಕ್ಕೆ ಕ್ಯಾಪ್ಟನ್ ಇಂಚರ. ಕಾರು ಓಡಿಸುವವಳೂ ಅವಳೇ. ಗಟ್ಟಿಗಿತ್ತಿ ಹುಡುಗಿ, ಆದರೆ ಮೂಗಿನ ತುದಿಯಲ್ಲೇ ಕೋಪ. ಮೊದಲ ದಿನ ಸ್ಪಾನರು ಸಿದ್ಲಿಂಗನ ಕೈಗೆ ಕೊಟ್ಟು, "ಸಡಿಲ ಇರೋದನ್ನೆಲ್ಲ ಬಿಗಿ ಮಾಡು" ಅಂದಳು.

"ಆಗ್ಲಿ" ಅಂದ ಸಿದ್ಲಿಂಗ. ಆಗಲಿ ಅಂದಮೇಲೆ ಮಾಡದೆ ಬಿಡುವ ಆಸಾಮಿಯೇ ಅಲ್ಲ.

ಕಾರಿನ ಸುತ್ತ ಬಂದ. ಚಕ್ರ ಮುಟ್ಟಿದ, ತಿರುಗಿತು. ಓಹೋ, ಇದು ಸಡಿಲ! ತಿರುಗದ ಹಾಗೆ ಬಿಗಿದ. ಸ್ಟೀರಿಂಗ್ ಮುಟ್ಟಿದ, ಅಲ್ಲಾಡಿತು. ಇದೂ ಸಡಿಲ! ಅಲ್ಲಾಡದ ಹಾಗೆ ಬಿಗಿದ. ಪೆಡಲ್ಲು ಒತ್ತಿದರೆ ಒಳಗೆ ಹೋಯಿತು. ಅದನ್ನೂ ಬಿಗಿದ. ಇಂಚರ ಬಂದು ಕಾರು ತಳ್ಳಿದರೆ ಅದು ಗುಂಡುಕಲ್ಲಿನಂತೆ ಕೂತಿದೆ!

"ಕಾರು ಕಟ್ಟು ಅಂದ್ರೆ ಗೋಡೆ ಕಟ್ಟಿದ್ದೀಯಲ್ಲೋ! ಹೋಗು ಮನೆಗೆ!"

ಮನೆಗೆ ಬಂದು ಅವ್ವನಿಗೆ ಹೇಳಿದ. ಓಂಕಾರಮ್ಮ ಕೈಯಲ್ಲಿದ್ದ ಚೊಂಬು ಕುಕ್ಕಿದಳು.

"ಅಯ್ಯೋ ನಿನ್ ಬುದ್ಧಿಗಿಷ್ಟು! ತಿರುಗೋದು ತಿರುಗ್ಬೇಕು ಕಣ್ಲಾ! ತಿರುಗೋದು ಅಂತ ಏನ್ ಕಂಡ್ರೂ ಅದಕ್ಕೆ ಗ್ರೀಸ್ ಮೆತ್ತಬೇಕು. ನಿಮ್ಮಪ್ಪ ಲಾರಿಗೆ ಮೆತ್ತೋದು ನೋಡಿಲ್ವಾ?"

"ಆಗ್ಲಿ ಕಣವ್ವ."

ಮಾರನೆಯ ದಿನ ಹುಡುಗರು ಇಡೀ ಕಾರು ಬಿಚ್ಚಿ ಮತ್ತೆ ಜೋಡಿಸಿದರು. ಎಲ್ಲರೂ ಊಟಕ್ಕೆ ಹೋದಾಗ ಸಿದ್ಲಿಂಗ ಗ್ರೀಸ್ ಡಬ್ಬಿ ತೆಗೆದ. ಚಕ್ರದ ಒಳಗೆ ತಟ್ಟೆಯಂಥ ಒಂದು ಡಿಸ್ಕು, ಬ್ರೇಕಿನದು. ಚಕ್ರದ ಜೊತೆ ಅದೂ ತಿರುಗುತ್ತಿತ್ತು. ಅವ್ವ ಏನು ಹೇಳಿದ್ದಾಳೆ? ತಿರುಗೋದಕ್ಕೆ ಮೆತ್ತಬೇಕು. ಮೆತ್ತಿದ! ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ನಾಲ್ಕು ಡಿಸ್ಕಿಗೂ ಸವರಿದ.

ಇಂಚರ ಕಾಲೇಜಿನ ಮೈದಾನದಲ್ಲಿ ಕಾರು ಬಿಟ್ಟಳು. ಏನು ಓಟ! ಎಲ್ಲರೂ ಚಪ್ಪಾಳೆ ತಟ್ಟಿದರು. ನಿಲ್ಲಿಸಲು ಬ್ರೇಕು ಒತ್ತಿದಳು. ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿದಳು. ಊಹೂಂ! ಮೈದಾನ ಮುಗಿಯಿತು, ಬೇಲಿ ಮುಗಿಯಿತು, ಪಕ್ಕದ ತೋಟದವರು ಒಟ್ಟಿದ್ದ ತೆಂಗಿನಮಟ್ಟೆ ರಾಶಿಯೊಳಗೆ ನುಗ್ಗಿ ಕಾರು ಕಣ್ಮರೆಯಾಯಿತು. ರಾಶಿಯೊಳಗಿಂದ ಇಂಚರಳ ಬೈಗುಳ ಮಾತ್ರ ಹೊರಗೆ ಬರುತ್ತಿತ್ತು.

"ಲೋ ಸಿದ್ಲಿಂಗಾ! ಬ್ರೇಕಿಗೆ ಯಾರಾದ್ರೂ ಗ್ರೀಸ್ ಹಚ್ತಾರೇನೋ! ನನ್ನ ಸಾಯಿಸ್ತಿದ್ದೆಯಲ್ಲೋ!"

ಅಂದು ಸಂಜೆ ಓಂಕಾರಮ್ಮ ಪೊರಕೆಗೇ ಕೈಹಾಕಿದಳು.

"ಹೆಣ್ಣುಮಗಳ ಪ್ರಾಣ ತೆಗೀತಿದ್ದೆಯಲ್ಲಾ ಮುಠ್ಠಾಳ! ಜಿಡ್ಡು ಕಂಡ್ರೆ ಸೋಪ್ ಹಾಕಿ ತೊಳಿ! ಜಿಡ್ಡು ಅನ್ನೋ ಹೆಸರಿರಬಾರ್ದು!"

"ಆಗ್ಲಿ ಕಣವ್ವ."

ಮರುದಿನ ಹೋಗಿ ಬ್ರೇಕು ತೊಳೆದ. ಲಕಲಕ ಹೊಳೆಯಿತು. ಅಷ್ಟಕ್ಕೆ ಬಿಟ್ಟಿದ್ದರೆ ನಾನು ಈ ಕತೆ ಯಾಕೆ ಹೇಳುತ್ತಿದ್ದೆ? ಇಂಜಿನ್ನಿನ ಮೇಲೆ ಒಂದು ಮುಚ್ಚಳ ಕಂಡಿತು. ತೆಗೆದು ಇಣುಕಿದ. ಅಯ್ಯಯ್ಯೋ, ಒಳಗೆಲ್ಲ ಎಣ್ಣೆ! ಸೋಪಿನ ಪುಡಿ ಹಾಕಿದ, ಬಿಂದಿಗೆ ನೀರು ಹೊಯ್ದ. ಚೆನ್ನಾಗಿ ತೊಳೆಯಲಿ ಅಂತ ಇಂಜಿನ್ನನ್ನೂ ಚಾಲೂ ಮಾಡಿದ. ಬುಸ್ಸೆಂದು ನೊರೆ ಬಂತು ನೋಡಿ! ಮುಚ್ಚಳದ ತೂತಿನಿಂದ ನೊರೆ, ಪೈಪಿನಿಂದ ನೊರೆ. ಆಮೇಲೆ ಒಳಗೆ ಕಟಕಟ ಅಂದು ಇಂಜಿನ್ ನಿಂತುಹೋಯಿತು.

ಇಂಚರ ಬಂದು ನೋಡಿದಳು. ಈ ಸಲ ಕೂಗಲಿಲ್ಲ. ನೊರೆಯ ನಡುವೆ ಕುಸಿದು ಕೂತು ಅತ್ತುಬಿಟ್ಟಳು. ಅವಳಪ್ಪ ಹಳೆಯ ಬೈಕು ಬಿಚ್ಚಿ ಕೊಟ್ಟ ಇಂಜಿನ್ ಅದು. ಹುಡುಗರು ಹಗಲೆಲ್ಲ ಅದರ ಮುಂದೆ ಕೂತು ಒಳಗಿನ ಒಂದೊಂದು ಭಾಗವನ್ನೂ ಒರೆಸಿ, ಹಾಳಾದದ್ದನ್ನು ಹುಡುಕಿ ತಂದು ಹಾಕಿ, ಹೇಗೋ ಜೀವ ಬರಿಸಿದರು.

"ಅವ್ವಾ, ಇಂಚರ ಅತ್ಲು" ಅಂದ ಸಿದ್ಲಿಂಗ.

ಮಗಳಂಥವಳು ಅತ್ತಳು ಅಂದಾಗ ಓಂಕಾರಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಆ ಬೆಂಕಿಯೆಲ್ಲ ಬಾಯಿಂದಲೇ ಹೊರಬಂತು.

"ಇಂಜಿನ್ನಿಗೆ ನೀರು ಹುಯ್ತಾರೇನ್ಲಾ, ಹಾಳಾದವನೇ! ಅದರೊಳಗೆ ಒಂದು ತೊಟ್ಟು ನೀರು, ಒಂದು ಚಿಟಿಕೆ ಧೂಳು ಹೋಗಬಾರ್ದು! ತೂತು ಕಂಡ ಕಡೆ ಬಟ್ಟೆ ತುರುಕಿ ಭದ್ರವಾಗಿ ಕಟ್ಟಿ ಇಡು!"

"ಆಗ್ಲಿ ಕಣವ್ವ."

ಪಂದ್ಯದ ಭಾನುವಾರ ಬಂತು. ಮಂಡಿಗೆ ರಜೆ. ಕೊಬ್ಬರಿ ಒಣಗಿಸುವ ಸಿಮೆಂಟಿನ ಅಂಗಳ ಖಾಲಿ. ಪಂದ್ಯ ನಡೆಸುವ ಕ್ಲಬ್ಬಿನ ಹಿರಿಯ ಫ್ರಾನ್ಸಿಸ್ ಅವರು ಬೆಳಿಗ್ಗೆಯೇ ಬಂದು ಅಂಗಳದ ತುಂಬ ಕೇಸರಿ ಬಣ್ಣದ ಕೋನುಗಳನ್ನು ಜೋಡಿಸಿದ್ದರು. ಕೋನುಗಳ ನಡುವೆ ಅಂಕುಡೊಂಕಾಗಿ ದಾರಿ. ಒಂದು ಸಲಕ್ಕೆ ಒಂದೇ ಕಾರು, ಗಡಿಯಾರದ ಮೇಲೆ ಓಟ. ಪ್ರತಿ ಕೋನಿನ ಸುತ್ತ ಸೀಮೆಸುಣ್ಣದ ಚೌಕ. ಕಾರು ತಾಗಿ ಕೋನು ಬಿದ್ದರೆ ಎರಡು ಸೆಕೆಂಡು ದಂಡ. ದಾರಿಯ ಕೊನೆಯಲ್ಲಿ ಎದುರುಬದುರಾಗಿ ಎರಡು ಕುಳ್ಳ ಕಂಬಗಳು. ಅವುಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆ. ಅದನ್ನು ಏನೇ ದಾಟಲಿ, ಕಂಬ ಪೀಂ ಅನ್ನುತ್ತದೆ, ಗಡಿಯಾರ ನಿಲ್ಲುತ್ತದೆ.

ಫ್ರಾನ್ಸಿಸ್ ಎಲ್ಲರನ್ನೂ ನಿಲ್ಲಿಸಿ ನಿಯಮ ಹೇಳಿದರು. "ಒಬ್ಬೊಬ್ಬರಿಗೆ ಮೂರು ಓಟ. ಓಟ ಶುರುವಾದ ಮೇಲೆ ಕಾರು ತಾನೇ ಓಡಬೇಕು, ಯಾರೂ ಮುಟ್ಟುವಂತಿಲ್ಲ, ತಳ್ಳುವಂತಿಲ್ಲ. ನಾನು ಕೆಂಪು ಬಾವುಟ ಎತ್ತಿದರೆ ಆ ಓಟ ಸತ್ತ ಹಾಗೆ. ಅಂಗಳದಲ್ಲಿ ಕೋನು ಎತ್ತಿಡೋ ಮಾರ್ಷಲ್‌ಗಳ ತಪ್ಪಿನಿಂದ ಓಟ ಕೆಟ್ಟರೆ ಮಾತ್ರ ಅದನ್ನ ಮತ್ತೆ ಓಡಿಸಬೇಕು. ತಿಳೀತಾ?"

ಎಲ್ಲರಿಗೂ ತಿಳಿಯಿತು. ಓಂಕಾರಮ್ಮನೂ ಬೇಲಿಯಾಚೆ ನಿಂತು ಕೇಳಿಸಿಕೊಂಡಳು.

ಮೊದಲ ಓಟ. ಇಂಚರ ಗುಂಡಿ ಒತ್ತಿದಳು. ಇಂಜಿನ್ ಕೆಮ್ಮಿತು, ಚಾಲೂ ಆಗಲಿಲ್ಲ. ಮತ್ತೆ ಒತ್ತಿದಳು. ಊಹೂಂ. ಹುಡುಗರು ಹುಡುಕಿದರು. ಗಾಳಿ ಎಳೆಯುವ ಬಾಯಿಗೆ ಬಟ್ಟೆ! ಹೊಗೆ ಬಿಡುವ ಪೈಪಿಗೆ ಬಟ್ಟೆ! ಪೆಟ್ರೋಲ್ ಟ್ಯಾಂಕು ಉಸಿರಾಡುವ ಸಣ್ಣ ನಳಿಗೆಗೂ ಬಟ್ಟೆ! ಹಸಿರು ಬಟ್ಟೆ, ಮೇಲೆ ಮಾವಿನಕಾಯಿ ಚಿತ್ರ. ಬೇಲಿಯಾಚೆ ನಿಂತ ಓಂಕಾರಮ್ಮನಿಗೆ ತನ್ನ ಹಳೇ ಸೀರೆಯ ಗುರುತು ಹತ್ತಿತು. ಅಷ್ಟರಲ್ಲಿ ಹೊತ್ತು ಮೀರಿ ಫ್ರಾನ್ಸಿಸ್ ಕೆಂಪು ಬಾವುಟ ಎತ್ತಿದರು. ಒಂದು ಓಟ ಹೋಯಿತು.

ಓಂಕಾರಮ್ಮ ಬೇಲಿಯಿಂದಲೇ ಕೂಗಿದಳು. "ಲೋ! ಸುಮ್ನೆ ನಿಂತಿದ್ದಾಗ ಕಟ್ಟೋದು ಕಣ್ಲಾ! ಕಾರು ಹೊರಡೋ ಮುಂಚೆ ಕಟ್ಟಿರೋದನ್ನೆಲ್ಲ ಬಿಚ್ಚಬೇಕು!"

"ಆಗ್ಲಿ ಕಣವ್ವಾ!"

ಎರಡನೆಯ ಓಟ. ಇಂಚರ ಒಳಗೆ ಕೂತಳು. ಹುಡುಗರು ಅವಳ ಎದೆಗೆ, ಸೊಂಟಕ್ಕೆ ಬೆಲ್ಟು ಬಿಗಿದು ಕಟ್ಟಿ, ಸ್ಟೀರಿಂಗ್ ತಂದು ಸಿಕ್ಕಿಸಿ ಹಿಂದೆ ಸರಿದರು. ಇಂಥ ಕಾರಿನಲ್ಲಿ ಸ್ಟೀರಿಂಗ್ ಎಳೆದರೆ ಬಿಚ್ಚಿ ಬರುತ್ತದೆ. ಹಾಗೆ ಬಂದರೇನೇ ಮನುಷ್ಯರು ಒಳಗೆ ತೂರಲು, ಹೊರಗೆ ಬರಲು ಸಾಧ್ಯ. ಇಂಚರ ಎರಡೂ ಕೈಯಿಂದ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಾಗ ಸಿದ್ಲಿಂಗ ಮೆಲ್ಲಗೆ ಹತ್ತಿರ ಬಂದ. ಕಟ್ಟಿದ್ದಾರೆ! ಹೊರಡೋ ಮುಂಚೆ ಬಿಚ್ಚಬೇಕು! ಬೆಲ್ಟಿನ ಗುಂಡಿ ಟಕ್ ಅನ್ನಿಸಿದ, ಬೆಲ್ಟೆಲ್ಲ ಬಿಚ್ಚಿತು. ಸ್ಟೀರಿಂಗ್ ಎಳೆದ, ಅದೂ ಬಿಚ್ಚಿತು. ಕಂಕುಳಲ್ಲಿ ಇಟ್ಟುಕೊಂಡ.

ಹಸಿರು ಬಾವುಟ ಬಿತ್ತು! ಅದರ ಮೇಲೇ ಕಣ್ಣಿಟ್ಟಿದ್ದ ಇಂಚರ ಕಾಲು ಒತ್ತಿಯಾಗಿತ್ತು. ಕಾರು ನೆಗೆಯಿತು, ಅವಳ ಕೈ ಗಾಳಿಯಲ್ಲಿ. ನೆಟ್ಟಗೆ ಹೋಗಿ ಮೊದಲ ಸಾಲು ಕೋನುಗಳನ್ನೆಲ್ಲ ಕೆಡವಿ ನಿಲ್ಲಿಸಿದಳು. ಮತ್ತೆ ಕೆಂಪು ಬಾವುಟ. ಫ್ರಾನ್ಸಿಸ್ ಟೋಪಿ ತೆಗೆದು ನೆಲಕ್ಕೆ ಬಡಿದರು.

ಇಂಚರ ಹೆಲ್ಮೆಟ್ ಕಿತ್ತು ಬಂದಳು. "ಯಾರೋ ನಿನಗೆ ಇದನ್ನೆಲ್ಲ ಹೇಳಿಕೊಡೋದು? ಯಾರು?"

"ನಮ್ಮವ್ವ."

"ಗ್ರೀಸು?"

"ನಮ್ಮವ್ವ."

"ಸೋಪು? ಬಟ್ಟೆ? ಈಗ ಇದು?"

"ಎಲ್ಲಾ ನಮ್ಮವ್ವನೇ. ನಾನೇನೂ ಸ್ವಂತ ಮಾಡಿಲ್ಲ ಕಣೆ."

ಇಂಚರ ಸೀದಾ ಬೇಲಿ ಹತ್ತಿರ ಬಂದಳು. "ಅಮ್ಮಾ, ಕೈ ಮುಗೀತೀನಿ. ಇನ್ನೊಂದೇ ಓಟ ಇರೋದು. ಅದು ಮುಗಿಯೋವರೆಗೂ ಅವನಿಗೆ ಏನೂ ಹೇಳಬೇಡಿ. ಒಂದು ಮಾತೂ ಬೇಡ!"

ಓಂಕಾರಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ದಿನ ಮಗನಿಗೆ ಬೈದದ್ದು ಬೈದದ್ದೇ. ಪ್ರತಿ ಸಲ ಅವನು ಮಾಡಿದ್ದು ತನ್ನದೇ ಮಾತು ಅಂತ ಒಂದು ದಿನವೂ ಹೊಳೆದಿರಲಿಲ್ಲ. ತನ್ನ ಮೇಲೇ ಸಿಟ್ಟು ಬಂತು. ಆದರೆ ತನ್ನ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳುವುದು ಹೇಗೆ ಅಂತ ಆಕೆಗೆ ಗೊತ್ತಿರಲಿಲ್ಲ. ಅದನ್ನೂ ಮಗನ ಮೇಲೇ ತೀರಿಸಿದಳು.

"ಕೊನೇ ಮಾತು ಹೇಳ್ತೀನಿ, ಕೇಳ್ಕೊ! ಆ ಗೆರೆ ದಾಟ್ದೆ ನೀನೇನಾದ್ರೂ ನನ್ನ ಹೊಸ್ಲು ದಾಟಿದ್ರೆ ಕಾಲು ಮುರೀತೀನಿ! ಅಲ್ಲೀವರೆಗೂ ತುತ್ತು ಮುದ್ದೆ ಇಲ್ಲ ನಿನಗೆ!"

"ಆಗ್ಲಿ ಕಣವ್ವ."

ಓಂಕಾರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು.

ಫ್ರಾನ್ಸಿಸ್ ಅವರಿಗೆ ಮಾರ್ಷಲ್ ಒಬ್ಬರು ಕಡಿಮೆಯಿದ್ದರು. ಇಂಚರ ಸಿದ್ಲಿಂಗನಿಗೆ ಮಾರ್ಷಲ್ ಅಂಗಿ ತೊಡಿಸಿ, ಕೊನೆಯ ಗೆರೆಯ ಹತ್ತಿರ, ಕಾರಿನಿಂದ ದೂರವೋ ದೂರ ನಿಲ್ಲಿಸಿದಳು. "ಕಾರು ಮುಟ್ಟಬೇಡ. ಏನಾದ್ರೂ ಆಗಲಿ, ಕಾರು ಮಾತ್ರ ಮುಟ್ಟಬೇಡ. ಬಿದ್ದ ಕೋನು ಎತ್ತಿ ಚೌಕದಲ್ಲಿ ಇಡು, ಅಷ್ಟೇ."

ಮೂರನೆಯ ಓಟ. ಬೆಲ್ಟು ಇದೆ, ಸ್ಟೀರಿಂಗ್ ಇದೆ, ತೂತುಗಳೆಲ್ಲ ತೆರೆದಿವೆ. ಬಾವುಟ ಬಿತ್ತು! ಕಾರು ಹೊರಟಿತು. ಬಲಕ್ಕೆ ತಿರುಗಿತು, ಎಡಕ್ಕೆ ತಿರುಗಿತು. ಕೋನುಗಳ ಮಗ್ಗುಲಲ್ಲೇ ನುಸುಳಿತು, ಒಂದನ್ನೂ ಬೀಳಿಸಲಿಲ್ಲ. ಸೆರಗು ಕಚ್ಚಿದ ಓಂಕಾರಮ್ಮ ತುದಿಗಾಲಲ್ಲಿ ನಿಂತಳು. ಕೊನೆಯ ತಿರುವು ದಾಟಿತು. ಇನ್ನೇನು ಗೆರೆ ಬಂತು, ಬಂತು...

ಫಟ್! ಚೈನು ತುಂಡಾಯಿತು. ಇಂಜಿನ್ ಅರಚುತ್ತಿದೆ, ಚಕ್ರ ತಿರುಗುತ್ತಿಲ್ಲ. ಕಾರು ಉರುಳಿ ಉರುಳಿ, ಗೆರೆಗೆ ನಾಲ್ಕು ಮಾರು ಇರುವಾಗ ನಿಂತುಬಿಟ್ಟಿತು.

ಮುಟ್ಟುವಂತಿಲ್ಲ, ತಳ್ಳುವಂತಿಲ್ಲ. ಇಂಚರ ಕೂತಲ್ಲೇ ಮೈಯನ್ನು ಮುಂದಕ್ಕೆ ಜಗ್ಗಿ ಜಗ್ಗಿ ನೋಡಿದಳು. ಕಾರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಫ್ರಾನ್ಸಿಸ್ ಕೆಂಪು ಬಾವುಟಕ್ಕೆ ಕೈ ಹಾಕಿದರು, ಪಾಪ, ಎತ್ತಲು ಮನಸ್ಸು ಬಾರದೆ ಒಂದು ಗಳಿಗೆ ತಡೆದರು.

ಆ ಗಳಿಗೆಯಲ್ಲಿ ಓಂಕಾರಮ್ಮನ ಬಾಯಿಂದ ಸೆರಗು ಜಾರಿತು.

"ಹೆಂಗಾದ್ರೂ ಮಾಡಿ ಆ ಗೆರೆ ದಾಟಿಸ್ರೋ!"

ಸಿದ್ಲಿಂಗನಿಗೆ ಅವ್ವನ ಮಾತು ಕೇಳಿಸಿತು. ಹೇಗಾದರೂ ಮಾಡಿ ದಾಟಿಸಬೇಕು. ಆದರೆ ಕಾರು ಮುಟ್ಟುವಂತಿಲ್ಲ. ಒಂದು ಕ್ಷಣ ತಲೆ ಕೆರೆದುಕೊಂಡ. ಆಮೇಲೆ ಈ ಕಡೆಯ ಕಂಬ ಎತ್ತಿ ಒಂದು ಹೆಗಲಿಗಿಟ್ಟ, ಆ ಕಡೆಯ ಕಂಬ ಎತ್ತಿ ಇನ್ನೊಂದು ಹೆಗಲಿಗಿಟ್ಟ. ಗೆರೆಯನ್ನೇ ಹೊತ್ತುಕೊಂಡು ಕಾರಿನ ಹತ್ತಿರ ಬಂದ! ಒಂದನ್ನು ಕಾರಿನ ಎಡಕ್ಕೆ ಇಳಿಸಿದ, ಮತ್ತೊಂದನ್ನು ಬಲಕ್ಕೆ ಇಳಿಸಿ, ಎರಡೂ ಒಂದನ್ನೊಂದು ನೋಡುವ ಹಾಗೆ ತಿರುಗಿಸಿದ.

ಪೀಂ!

ಗಡಿಯಾರ ನಿಂತಿತು. ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಫ್ರಾನ್ಸಿಸ್ ಮುಖ ಮಾತ್ರ ಕೆಂಪು ಬಾವುಟಕ್ಕಿಂತ ಕೆಂಪಗಾಗಿತ್ತು.

"ಮೂರ್ಖಾ! ಗೆರೆ ಇದ್ದಲ್ಲಿಗೆ ಕಾರು ಬರಬೇಕು! ಕಾರು ಇದ್ದಲ್ಲಿಗೆ ಗೆರೆ ಬರುತ್ತೇನೋ? ಕಂಬದ ಮೇಲೆ ಅಷ್ಟು ಪ್ರೀತಿಯಿದ್ದರೆ, ಪಂದ್ಯ ಮುಗಿದ ಮೇಲೆ ಮನೆಗೇ ಹೊತ್ಕೊಂಡು ಹೋಗು!"

"ಆಗ್ಲಿ ಸಾರ್" ಅಂದ ಸಿದ್ಲಿಂಗ.

ಇಂಚರ ಕಾರಿನಿಂದ ಎದ್ದು ಬಂದಳು. ಅವಳ ಕಣ್ಣಲ್ಲಿ ನೀರೂ ಇತ್ತು, ಬೆಂಕಿಯೂ ಇತ್ತು. "ಸಾರ್, ನೀವು ಕೆಂಪು ಬಾವುಟ ಎತ್ತಿದ್ರಾ?"

"...ಇಲ್ಲ."

"ಹಾಗಾದ್ರೆ ಓಟ ಇನ್ನೂ ಸತ್ತಿರಲಿಲ್ಲ. ಗಡಿಯಾರ ನಿಲ್ಲಿಸಿದವನು ಯಾರು?"

ಫ್ರಾನ್ಸಿಸ್ ಸಿದ್ಲಿಂಗನ ಮೈಮೇಲಿನ ಅಂಗಿ ನೋಡಿದರು. ಮಾರ್ಷಲ್! ಬೆಳಿಗ್ಗೆ ತಾವೇ ಹೇಳಿದ ನಿಯಮ. ಹಲ್ಲು ಕಟಕಟ ಕಡಿದರು. ಅಂಗಳದಲ್ಲಿ ಎರಡು ಸುತ್ತು ಓಡಾಡಿ ಸಿಟ್ಟು ಇಳಿಸಿಕೊಂಡು ಬಂದರು. ಸಿಟ್ಟಿನ ಮನುಷ್ಯ, ಆದರೆ ಮಾತಿಗೆ ತಪ್ಪುವವರಲ್ಲ.

"ಮತ್ತೆ ಓಡಿಸು. ಆದರೆ ಇವನನ್ನ ಯಾರಾದರೂ ಹಿಡ್ಕೊಳ್ಳಿ!"

ಮೂವರು ಹುಡುಗರು ಸಿದ್ಲಿಂಗನನ್ನು ಗೋಡೆಗೆ ಒರಗಿಸಿ ಹಿಡಿದುಕೊಂಡರು. ಇಂಚರ ಹೊಸ ಕೊಂಡಿ ಹಾಕಿ ಚೈನು ಜೋಡಿಸಿದಳು. ಈ ಸಲ ವೇಗವಿಲ್ಲ, ಶೋಕಿಯಿಲ್ಲ. ಚೈನು ಎಲ್ಲಿ ಮತ್ತೆ ಹರಿಯುತ್ತದೋ ಅಂತ ಬಸುರಿಯನ್ನು ಕರೆದೊಯ್ಯುವ ಹಾಗೆ ಕಾರನ್ನು ಕರೆದೊಯ್ದಳು. ಎರಡು ಕೋನು ಬಿದ್ದವು. ಬೀಳಲಿ. ಗೆರೆ ಬಂತು. ಪೀಂ! ಎಲ್ಲರಿಗಿಂತ ಕೊನೆ. ಆದರೆ ದಾಟಿತು, ದಾಟಿತು! ಮೇಷ್ಟ್ರು ತಲೆಯಾಡಿಸಿದರು. ಐದೂ ಜನ ಪಾಸು.

ಓಂಕಾರಮ್ಮ ಬೇಲಿ ಹಿಡಿದು ಅಲ್ಲೇ ಕೂತು ಗಳಗಳ ಅತ್ತಳು. ಆಮೇಲೆ ಯಾರೂ ನೋಡಲಿಲ್ಲವಲ್ಲ ಅಂತ ಸುತ್ತ ನೋಡಿ, ಸಿಡುಕು ಮುಖ ಮತ್ತೆ ಹಾಕಿಕೊಂಡು, ಮುದ್ದೆ ತೊಳಸಲು ಮನೆಗೆ ಹೋದಳು.

ಹೊತ್ತು ಮುಳುಗಿತು. ಮಗ ಬರಲಿಲ್ಲ. ಮುದ್ದೆ ಆರುತ್ತಿತ್ತು, ಓಂಕಾರಮ್ಮನ ಸಿಟ್ಟು ಏರುತ್ತಿತ್ತು. ಪಾಸಾದ ದಿನವೂ ಸಮಯಕ್ಕೆ ಬರಬಾರದೇ? ಹೊಸಿಲಲ್ಲಿ ನಿಂತು ಬೀದಿ ನೋಡಿದಳು. ಮಂಡಿಯ ಕಡೆಯಿಂದ ಯಾರೋ ಬರುತ್ತಿದ್ದಾರೆ. ಮುಂದೆ ಸಿದ್ಲಿಂಗ, ಒಂದೊಂದು ಹೆಗಲ ಮೇಲೆ ಒಂದೊಂದು ಕಂಬ. ಹಿಂದೆ ಜೀಪಿನಲ್ಲಿ ಹಾರನ್ ಬಾರಿಸುತ್ತ, ಬೈಯುತ್ತ, ಕಂಬ ಕಳೆದುಕೊಂಡ ಫ್ರಾನ್ಸಿಸ್.

"ಲೋ! ಇದೇನ್ಲಾ ಹೊತ್ಕೊಂಡು ಬಂದಿದ್ದೀಯಾ!"

ಸಿದ್ಲಿಂಗ ಸೀದಾ ಬಾಗಿಲಿಗೆ ಬಂದ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹುಡುಗರು ಸಿಹಿ ಕೊಟ್ಟರೂ ಮುಟ್ಟಿರಲಿಲ್ಲ. ಒಂದು ಕಂಬವನ್ನು ಬಾಗಿಲ ಈ ಪಕ್ಕ ಇಳಿಸಿದ, ಇನ್ನೊಂದನ್ನು ಆ ಪಕ್ಕ ಇಳಿಸಿ, ಎರಡೂ ಒಂದನ್ನೊಂದು ನೋಡುವ ಹಾಗೆ ತಿರುಗಿಸಿದ. ಆಮೇಲೆ ಚಪ್ಪಲಿ ಬಿಟ್ಟು, ಬಲಗಾಲು ಎತ್ತಿ ಒಳಗಿಟ್ಟ.

ಪೀಂ!

"ಕಾರು ದಾಟಿತ್ತು, ನಾನು ದಾಟಿರ್ಲಿಲ್ಲ ಕಣವ್ವ. ಹುಡುಗ್ರು ಹಿಡ್ಕೊಂಡಿದ್ರು. ಈಗ ಗೆರೆನೂ ದಾಟ್ದೆ, ಹೊಸ್ಲೂ ದಾಟ್ದೆ. ಮುದ್ದೆ ಹಾಕು."

ಬೈಯಬೇಕೆಂದು ಓಂಕಾರಮ್ಮ ಬಾಯಿ ತೆರೆದಳು. ಏನು ಬೈದರೂ ಕೊನೆಗೆ ಒಂದು ಬುದ್ಧಿಮಾತು ಬಂದೇ ಬರುತ್ತದೆ, ಅದನ್ನು ಇವನು ನಾಳೆ ಮಾಡಿಯೇ ತೀರುತ್ತಾನೆ. ಎಷ್ಟು ಕಷ್ಟವಾಯಿತೋ ಪಾಪ, ನುಂಗಿಕೊಂಡಳು. ಮಾತಿಲ್ಲದೆ ತಟ್ಟೆಗೆ ಮುದ್ದೆ ಹಾಕಿದಳು, ಸಾರು ಬಿಟ್ಟಳು.

ಅಷ್ಟರಲ್ಲಿ ಫ್ರಾನ್ಸಿಸ್ ಜೀಪಿನಿಂದ ಧುಮುಕಿ ಬಾಗಿಲಿಗೆ ಬಂದರು. "ಎಲ್ಲಮ್ಮಾ ನಿನ್ನ ಮಗ? ಕೊಡು ನನ್ನ ಕಂಬ!"

ಬಂದವರನ್ನು ಹೊರಗೆ ನಿಲ್ಲಿಸುವುದುಂಟೇ? ಓಂಕಾರಮ್ಮ ಮರೆತು ಅಂದೇಬಿಟ್ಟಳು. "ಸಿದ್ಲಿಂಗಾ, ಸಾಹೇಬ್ರನ್ನ ಒಳಕ್ಕೆ ಕರ್ಕೊಂಡು ಬಾ."

"ಆಗ್ಲಿ ಕಣವ್ವ" ಅಂದ ಸಿದ್ಲಿಂಗ, ಎಂಜಲು ಕೈಯಲ್ಲೇ ಎದ್ದು. ಕಂಬಗಳ ನಡುವಿನ ಗೆರೆ ಹಾರಿ ಹೊರಗೆ ಹೋಗಿ ಒಂದು ಹೆಗಲಿಗೆ ಫ್ರಾನ್ಸಿಸ್ ಅವರನ್ನು ಎತ್ತಿಕೊಂಡ. ಎತ್ತಿಕೊಂಡೇ ಬಾಗಿಲಲ್ಲಿ ನುಗ್ಗಿದ.

"ಇಳಿಸೋ, ಇಳಿಸೋ!" ಅಂತ ಅವರು ಕೂಗಿದರು.

ಸಿದ್ಲಿಂಗನಿಗೆ ಇಳಿಸು ಅಂದರೆ ಸಾಕಲ್ಲ. ಅಲ್ಲೇ, ಆ ಕ್ಷಣವೇ, ಹೊಸಿಲ ಮೇಲೆ, ಎರಡು ಕಂಬದ ನಡುವೆ ಇಳಿಸಿದ.

ಪೀಂ!